ಸೊಪ್ರಾನೊನಾ, ಆಲ್ಟೊನಾ? ನಿಮ್ಮ ದನಿಯ ಟೆಸ್ಸಿಟೂರಾ ಕಂಡುಕೊಳ್ಳುವ ಬಗೆ

ಕ್ವಾಯರ್‌ಗೆ ಅಂದರೆ ಹಲವರು ಸೇರಿ ಹಾಡುವ ತಂಡಕ್ಕೆ, ಹೊಸದಾಗಿ ಸೇರಿದವರು, ಪಾಶ್ಚಾತ್ಯ ಗಾಯನದ ಪಾಠ ಶುರು ಮಾಡಿದವರು ಪದೇ ಪದೇ ಕೇಳುವ ಪ್ರಶ್ನೆ ಒಂದೇ: "ನಾನು ಸೊಪ್ರಾನೊನಾ, ಆಲ್ಟೊನಾ?" ಗಂಡಸರಾದರೆ "ಟೆನರಾ, ಬೇಸಾ?" ಸೊಪ್ರಾನೊ, ಆಲ್ಟೊ ಹೆಣ್ಣುದನಿಯ ಮೇಲಿನ, ಕೆಳಗಿನ ವರ್ಗಗಳು; ಟೆನರ್, ಬೇಸ್ ಗಂಡುದನಿಯವು. ಪ್ರಶ್ನೆಯ ಹಿಂದೆಯೇ ಇನ್ನೊಂದು ಮಾತು ಬರುತ್ತದೆ: "ನನಗೆ ಮೇಲಿನ ಸಿ ತನಕ ಹೋಗುತ್ತೆ." ಸಿ ಎಂದರೆ ಪಾಶ್ಚಾತ್ಯ ಸಂಗೀತದ ಒಂದು ಸ್ವರ. ಈ ಎರಡನೇ ಮಾತಿನಿಂದ ಮೊದಲ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ದನಿ ಎಲ್ಲಿಯವರೆಗೆ ಮುಟ್ಟುತ್ತದೆ ಎನ್ನುವುದಕ್ಕಿಂತ ಎಲ್ಲಿ ದಣಿಯದೆ ನಿಲ್ಲುತ್ತದೆ ಎನ್ನುವುದನ್ನು ನೋಡಬೇಕು. ಅದಕ್ಕೆ ಇಟಲಿಯವರ ಹೆಸರು ಟೆಸ್ಸಿಟೂರಾ. ಇಂಗ್ಲಿಷಿನವರು ಈ ಪದವನ್ನು ಹಾಗೆಯೇ ತೆಗೆದುಕೊಂಡರು, ಫ್ರೆಂಚರು ಟೆಸ್ಸಿಟ್ಯೂರ್ ಎಂದರು, ಸ್ಪ್ಯಾನಿಷಿನಲ್ಲಿ ಅದು ತೆಸಿತೂರಾ ಆಯಿತು.

ವ್ಯಾಪ್ತಿ ಬೇರೆ, ಟೆಸ್ಸಿಟೂರಾ ಬೇರೆ. ನಿಮ್ಮ ದನಿ ಮುಟ್ಟಬಲ್ಲ ಅತಿ ಕೆಳಗಿನ ಸ್ವರದಿಂದ ಅತಿ ಮೇಲಿನ ಸ್ವರದವರೆಗಿನದು ವ್ಯಾಪ್ತಿ. ಅದರೊಳಗೆ ದನಿ ಸಲೀಸಾಗಿ, ಸ್ಪಷ್ಟವಾಗಿ, ಹೊತ್ತುಗಟ್ಟಲೆ ಉಳಿಯಬಲ್ಲ ಭಾಗ ಟೆಸ್ಸಿಟೂರಾ. ಮನೆಗೆ ಅಟ್ಟವೂ ಇರುತ್ತದೆ, ನೆಲಮಾಳಿಗೆಯೂ ಇರಬಹುದು. ಸಂಸಾರ ನಡೆಯುವುದು ನಡುಮನೆಯಲ್ಲಿ. ಹಾಡಿಗೂ ಟೆಸ್ಸಿಟೂರಾ ಇರುತ್ತದೆ: ಅದರ ಹೆಚ್ಚಿನ ಸ್ವರಗಳು ಯಾವ ಮಟ್ಟದಲ್ಲಿ ಕೂತಿವೆಯೋ ಅದು. ಇವೆರಡನ್ನೂ ಅಳೆದು ಹೊಂದಿಸಿ ನೋಡುವುದೇ ಇಲ್ಲಿ ಹೇಳಿಕೊಡುವ ಕೆಲಸ.

ಹಾಡಿನಲ್ಲೇ ಕಥೆ ಸಾಗುವ ಪಾಶ್ಚಾತ್ಯ ಸಂಗೀತನಾಟಕ ಒಪೆರಾದಲ್ಲಿ ಇದರ ವ್ಯತ್ಯಾಸ ಢಾಳಾಗಿ ಕಾಣುತ್ತದೆ. ಇಟಲಿಯ ಸಂಗೀತಕಾರ ಡೊನಿಜೆಟ್ಟಿ 1840ರಲ್ಲಿ ಪ್ಯಾರಿಸ್ಸಿಗಾಗಿ ಬರೆದ 'ಲಾ ಫೀ ದ್ಯು ರೆಜಿಮಾಂ'ನ ಟೋನಿಯೊ ಒಂದೇ ಹಾಡಿನಲ್ಲಿ ಒಂಬತ್ತು ಸಲ ಮೇಲಿನ ಸಿ ಮುಟ್ಟುತ್ತಾನೆ, ಇಡೀ ಪಾತ್ರವೇ ಮೇಲ್ಮಟ್ಟದಲ್ಲಿ ತೇಲುತ್ತದೆ. ಜರ್ಮನಿಯ ಸಂಗೀತಕಾರ ವಾಗ್ನರನ 'ಡೀ ವಾಲ್ಕ್ಯೂರೆ'ಯ ಸೀಗ್ಮುಂಡ್ ಸಹ ಟೆನರ್ ಪಾತ್ರವೇ, ಆದರೆ ಅದರ ಬಹುಪಾಲು ಕೆಳಗೆ, ಟೆನರಿಗೂ ಬೇಸಿಗೂ ನಡುವಿನ ದನಿಯಾದ ಬ್ಯಾರಿಟೋನಿನ ನೆರೆಯಲ್ಲಿದೆ. ಹೆಸರು ಒಂದೇ ಆದರೂ ಒಬ್ಬನ ಪಾತ್ರ ಇನ್ನೊಬ್ಬನ ಗಂಟಲಿಗೆ ಒಗ್ಗುವುದು ಅಪರೂಪ. ಬ್ಯಾರಿಟೋನ್ ಆಗಿ ಶುರು ಮಾಡಿದ ಸ್ಪೇನಿನ ಗಾಯಕ ಪ್ಲಾಸಿಡೊ ಡೊಮಿಂಗೊ ಟೆನರ್ ಆಗಿ ಹೆಸರಾಗಿ, ಸೀಗ್ಮುಂಡನನ್ನೂ ಹಾಡಿ, 2009ರಲ್ಲಿ ವೆರ್ಡಿಯ ಸಿಮೋನ್ ಬೊಕ್ಕನೆಗ್ರಾ ಪಾತ್ರದಿಂದ ಮತ್ತೆ ಬ್ಯಾರಿಟೋನ್ ಕಡೆಗೆ ಹೊರಳಿದರು.

ಬೇಕಾಗುವ ಸಾಮಾನು

ಕೀಬೋರ್ಡ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಮೊಬೈಲಿನ ಪಿಯಾನೊ ಆಪ್ ಸಾಕು. ಹಾಡಿದ ಸ್ವರದ ಹೆಸರು ತೋರಿಸುವ ಒಂದು ಟ್ಯೂನರ್ ಆಪ್, ರೆಕಾರ್ಡ್ ಮಾಡಲು ಫೋನು, ಬರೆದುಕೊಳ್ಳಲು ನೋಟ್‌ಬುಕ್ಕು, ಕುಡಿಯಲು ನೀರು. ಟ್ಯೂನರಿನ ಸೆಟ್ಟಿಂಗ್ಸ್‌ನಲ್ಲಿ ಎ ಸ್ವರ 440 ಹರ್ಟ್ಸ್‌ಗೆ ಇದೆಯೇ ನೋಡಿ. ಈಗಿನ ಅಂತಾರಾಷ್ಟ್ರೀಯ ಅಳತೆ ಅದು. ಫ್ರಾನ್ಸ್ 1859ರಲ್ಲಿ ಕಾನೂನು ಮಾಡಿ ನಿಗದಿಪಡಿಸಿದ್ದು 435. ಬಹುಕಾಲ ಶ್ರುತಿ ಮಾಡಿಸದ ಪಿಯಾನೊ 440ಕ್ಕಿಂತ ಕೆಳಗಿಳಿದಿರುತ್ತದೆ, ಅದನ್ನು ನಂಬಿ ಅಳೆಯಬೇಡಿ.

ಹಾರ್ಮೋನಿಯಂ ಬಳಸುವವರಿಗೆ ಒಂದು ಎಚ್ಚರಿಕೆ. ಒಂದು ಮನೆ ಒತ್ತಿದರೆ ಕಪ್ಲರ್ ಇನ್ನೊಂದು ಸ್ಥಾಯಿಯ ಮನೆಯನ್ನೂ ಎಳೆಯುತ್ತದೆ, ಎರಡು ಸಾಲು ರೀಡ್ ಇದ್ದರೆ ಕೆಳಸ್ಥಾಯಿಯೂ ಜೊತೆಗೆ ನುಡಿಯುತ್ತದೆ. ಆಗ ನೀವು ಯಾವ ಸ್ಥಾಯಿಗೆ ದನಿ ಸೇರಿಸಿದಿರಿ ಎನ್ನುವುದು ನಿಮಗೇ ಗೊತ್ತಾಗುವುದಿಲ್ಲ. ಕಪ್ಲರ್ ಮುಚ್ಚಿ, ಒಂದೇ ಸಾಲು ರೀಡ್ ತೆರೆದಿಟ್ಟುಕೊಳ್ಳಿ.

ಹಂತ 1: ಸ್ವರದ ವಿಳಾಸ ಕಲಿಯಿರಿ

ಪಾಶ್ಚಾತ್ಯ ಪದ್ಧತಿಯಲ್ಲಿ ಸ್ವರದ ಹೆಸರಿನ ಜೊತೆ ಸ್ಥಾಯಿಯ ಅಂಕಿ ಬರುತ್ತದೆ. ಪಿಯಾನೊದ ನಟ್ಟನಡುವೆ ಇರುವುದು ಸಿ4. ಅದರ ಮೇಲಿನ ಸ್ಥಾಯಿ ಸಿ5ರಿಂದ, ಕೆಳಗಿನದು ಸಿ3ರಿಂದ ಶುರು. ನಮ್ಮ ಶ್ರುತಿಪೆಟ್ಟಿಗೆಯ ಲೆಕ್ಕ ಗೊತ್ತಿರುವವರಿಗೆ ಇದು ಸುಲಭ: ಒಂದು ಮನೆ ಎಂದರೆ ಸಿ, ಒಂದೂವರೆ ಸಿ ಶಾರ್ಪ್, ಎರಡು ಡಿ, ಮೂರು ಇ, ನಾಲ್ಕು ಎಫ್, ಐದು ಜಿ, ಆರು ಎ.

ತಪ್ಪುವುದು ಸ್ಥಾಯಿಯ ವಿಷಯದಲ್ಲಿ. ಒಂದು ಮನೆ ಶ್ರುತಿಗೆ ಹಾಡುವ ಗಂಡಸಿನ ಮಧ್ಯ ಷಡ್ಜ ಸಿ3, ಸಿ4 ಅಲ್ಲ. ಐದು ಮನೆಗೆ ಹಾಡುವ ಹೆಂಗಸಿನ ಮಧ್ಯ ಷಡ್ಜ ಜಿ3. ಟೆನರ್ ಭಾಗವನ್ನು ಸ್ವರಲಿಪಿಯಲ್ಲಿ ಬರೆಯುವಾಗಲೂ ಇದೇ ತೊಡಕು. ಸೊಪ್ರಾನೊದ ಹಾಗೆಯೇ, ಸಾಲಿನ ಆರಂಭದಲ್ಲಿ ಸ್ವರಗಳ ಎತ್ತರ ತಿಳಿಸುವ ಚಿಹ್ನೆಯಾದ ಟ್ರೆಬಲ್ ಕ್ಲೆಫ್‌ನಲ್ಲಿ ಬರೆದು, ಕ್ಲೆಫ್‌ನ ಬುಡದಲ್ಲಿ ಸಣ್ಣ 8 ಹಾಕಿರುತ್ತಾರೆ. ಬರೆದದ್ದಕ್ಕಿಂತ ಒಂದು ಸ್ಥಾಯಿ ಕೆಳಗೆ ಹಾಡಬೇಕು ಎಂದು ಅದರ ಅರ್ಥ. ಎಷ್ಟೋ ಪುಸ್ತಕಗಳಲ್ಲಿ ಆ 8 ಕೂಡ ಇರುವುದಿಲ್ಲ.

ಹಂತ 2: ಎರಡು ಅಂಚು ಗುರುತಿಸಿ

ಎದ್ದ ತಕ್ಷಣ ಅಳೆಯಬೇಡಿ. ಬೆಳಿಗ್ಗೆ ದನಿ ಭಾರವಾಗಿ ಕೆಳಗಿರುತ್ತದೆ, ಗಂಡಸರು ಆ ಹೊತ್ತಿನ ಕೆಳಸ್ವರ ಕೇಳಿ ತಾವು ಬೇಸ್ ಎಂದೇ ತೀರ್ಮಾನಿಸಿಬಿಡುತ್ತಾರೆ. ಶೀತ, ಕೆಮ್ಮು, ಮದುವೆಮನೆಯಲ್ಲಿ ಕೂಗಾಡಿ ಬಂದ ಮರುದಿನ, ಇವೂ ಬೇಡ.

ಹತ್ತು ನಿಮಿಷ ದನಿ ಸಡಿಲಿಸಿ. ಬಾಯಿ ಮುಚ್ಚಿ 'ಮ್' ಎಂದು ಗುನುಗುವುದು, ತುಟಿ ಬುರ್ರೆನಿಸುತ್ತ ಕೆಳಗಿಂದ ಮೇಲೆ ಜಾರುವುದು ಸಾಕು. ಆಮೇಲೆ ನಿಮಗೆ ಹಗುರವೆನಿಸುವ ಸ್ವರ ಹಿಡಿದು 'ಸ ರಿ ಗ ಮ ಪ ಮ ಗ ರಿ ಸ' ಹಾಡಿ. ಪ್ರತಿ ಸಲವೂ ಷಡ್ಜವನ್ನು ಅರ್ಧ ಸ್ವರ ಏರಿಸುತ್ತ ಹೋಗಿ. ಮೇಲಿನ ಸ್ವರವನ್ನು ಮೂರು ಸೆಕೆಂಡು ನಿಲ್ಲಿಸಲಾಗದಾಗ ನಿಲ್ಲಿಸಿ, ಅದಕ್ಕಿಂತ ಹಿಂದಿನದನ್ನು ಬರೆದುಕೊಳ್ಳಿ. ಕೆಳಗಿಳಿಯುವಾಗಲೂ ಹಾಗೆಯೇ.

ಒಂದೇ ಒಂದು ಸಲ ಕಿರುಚಿ ಮುಟ್ಟಿದ ಸ್ವರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಅತಿ ಕೆಳಗೆ ಹೋದಾಗ ದನಿ ಕರಕರ ಎಂದು ಒಡೆದು ಬರುತ್ತದಲ್ಲ, ಅದಕ್ಕೆ ವೋಕಲ್ ಫ್ರೈ ಎನ್ನುತ್ತಾರೆ, ಅದೂ ಲೆಕ್ಕಕ್ಕಿಲ್ಲ. ಗಂಡಸರು ಫಾಲ್ಸೆಟ್ಟೊ, ಅಂದರೆ ತೆಳುವಾದ ಕೃತಕ ಮೇಲ್ದನಿಯಲ್ಲಿ ಮುಟ್ಟಿದ್ದನ್ನು ಬೇರೆಯಾಗಿ ಬರೆದಿಡಲಿ.

ಹಂತ 3: ನಡುಮನೆ ಹುಡುಕಿ

ಇಡೀ ಕೆಲಸದಲ್ಲಿ ಮುಖ್ಯವಾದ ಹಂತ ಇದು. ಇದಕ್ಕೆ ಒಂದು ದಿನ ಸಾಲದು. ಒಂದು ವಾರದಲ್ಲಿ ಬೇರೆ ಬೇರೆ ದಿನ, ಸಂಜೆಯ ಹೊತ್ತು, ಇದೇ ಪರೀಕ್ಷೆಯನ್ನು ಮತ್ತೆ ಮಾಡಿ.

ದಿನಪತ್ರಿಕೆಯ ಮೂರು ನಾಲ್ಕು ಸಾಲು ತೆಗೆದುಕೊಳ್ಳಿ. ನಿಮ್ಮ ವ್ಯಾಪ್ತಿಯ ನಡುವಿನ ಒಂದು ಸ್ವರ ಹಿಡಿದು, ಆ ಒಂದೇ ಸ್ವರದಲ್ಲಿ, ಮಧ್ಯಮ ಗಟ್ಟಿತನದಲ್ಲಿ, ಅವನ್ನು ಓದುತ್ತ ಹಾಡಿ. ರಾಗ ಬೇಡ, ಗಮಕ ಬೇಡ. ಬಳಿಕ ಅರ್ಧ ಸ್ವರ ಮೇಲೆ ಹೋಗಿ ಅದೇ ಸಾಲುಗಳು. ಹೀಗೆ ಮೇಲಕ್ಕೂ ಕೆಳಕ್ಕೂ. ಪ್ರತಿ ಸ್ವರದ ಮುಂದೆ 'ಸಲೀಸು', 'ಕಷ್ಟ', 'ಆಗದು' ಎಂಬ ಮೂರರಲ್ಲಿ ಒಂದನ್ನು ಬರೆಯಿರಿ.

ಪದಗಳಿರಲೇಬೇಕು ಎಂದು ಒತ್ತಿ ಹೇಳಲು ಕಾರಣವಿದೆ. ಬರೀ 'ಆ' ಎಂದು ಹಾಡಿದರೆ ಯಾರ ದನಿಯೂ ಒಂದೆರಡು ಸ್ವರ ಹೆಚ್ಚೇ ಏರುತ್ತದೆ. ವ್ಯಂಜನಗಳು, 'ಇ' 'ಉ'ಗಳು ಬಂದಾಗ ನಿಜಸ್ಥಿತಿ ಹೊರಬೀಳುತ್ತದೆ. ಗದ್ದ ಮೇಲೇಳುತ್ತಿದೆಯೇ, ಕತ್ತಿನ ನರ ಬಿಗಿಯುತ್ತಿದೆಯೇ, ಉಸಿರು ವಾಕ್ಯ ಮುಗಿಯುವ ಮೊದಲೇ ತೀರುತ್ತಿದೆಯೇ ನೋಡಿಕೊಳ್ಳಿ. ಕನ್ನಡಿ ಮುಂದೆ ನಿಂತರೆ ಒಳ್ಳೆಯದು. ರೆಕಾರ್ಡಿಂಗ್ ಕೇಳುವಾಗ ಪದಗಳು ಅರ್ಥವಾಗುವಂತಿವೆಯೇ ಗಮನಿಸಿ. ಹಾಡುವಾಗ ಸಲೀಸು ಎನಿಸಿದ್ದು ಕೇಳುವಾಗ ಹಿಂಡಿದಂತೆ ಕೇಳಿಸಿದರೆ ಅದನ್ನು 'ಕಷ್ಟ'ಕ್ಕೆ ಇಳಿಸಿ.

'ಸಲೀಸು' ಎಂದು ಬರೆದ ಸ್ವರಗಳು ಒಟ್ಟಾಗಿ ಒಂದು ಪಟ್ಟಿಯಂತೆ ನಿಲ್ಲುತ್ತವೆ. ಅದೇ ನಿಮ್ಮ ಟೆಸ್ಸಿಟೂರಾ. ಹೊಸಬರಲ್ಲಿ ಇದು ಒಂದು ಸ್ಥಾಯಿಗಿಂತ ಹೆಚ್ಚಿರದಿದ್ದರೆ ಬೇಸರ ಮಾಡಿಕೊಳ್ಳಬೇಡಿ; ಹೆಚ್ಚಿನ ಕ್ವಾಯರ್ ಹಾಡುಗಳಿಗೆ ಅಷ್ಟು ಸಾಕು.

ಹಂತ 4: ದನಿ ಹೊರಳುವ ಜಾಗ

ಏರುತ್ತ ಹೋದಂತೆ ಒಂದು ಕಡೆ ದನಿ ತಾನಾಗಿ ಬೇರೆ ಬಗೆಗೆ ತಿರುಗಲು ನೋಡುತ್ತದೆ, ಕೆಲವರಲ್ಲಿ ಒಡೆಯುತ್ತದೆ. ಎದೆಯಲ್ಲಿ ಅನುರಣಿಸುತ್ತಿದ್ದದ್ದು ತಲೆಯ ಕಡೆಗೆ ಸರಿದಂತೆ ಅನಿಸುತ್ತದೆ. ಈ ದಾಟುವ ಜಾಗಕ್ಕೆ ಪಸ್ಸಾಜ್ಜೊ ಎಂದು ಹೆಸರು. ಟೆನರ್‌ಗಳಲ್ಲಿ ಇದು ಸುಮಾರಾಗಿ ಡಿ4ರಿಂದ ಜಿ4ರ ನಡುವೆ, ಬ್ಯಾರಿಟೋನ್‌ಗಳಲ್ಲಿ ಅದಕ್ಕಿಂತ ಒಂದೆರಡು ಸ್ವರ ಕೆಳಗೆ ಬರುತ್ತದೆ. ಹೆಂಗಸರಲ್ಲಿ ಎರಡು ಕಡೆ: ಒಂದು ಇ4–ಎಫ್4ರ ಆಸುಪಾಸು, ಇನ್ನೊಂದು ಅದರ ಮೇಲಿನ ಸ್ಥಾಯಿಯಲ್ಲಿ ಹೆಚ್ಚುಕಡಿಮೆ ಅದೇ ಜಾಗದಲ್ಲಿ. ವರ್ಗ ತಿಳಿಯಲು ಮೇಲಿನ ತುತ್ತತುದಿಯ ಸ್ವರಕ್ಕಿಂತ ಇದು ನಂಬಿಕಸ್ಥ ಗುರುತು. ಹಾಡೊಂದು ಈ ಜಾಗದಲ್ಲೇ ಮತ್ತೆ ಮತ್ತೆ ಸುಳಿದಾಡಿದರೆ, ಅದರ ವ್ಯಾಪ್ತಿ ಚಿಕ್ಕದಾಗಿದ್ದರೂ ದಣಿವು ತಪ್ಪದು.

ಕರ್ನಾಟಕ ಸಂಗೀತ ಕಲಿತು ಬಂದ ಹೆಣ್ಣುಮಕ್ಕಳು ಇಲ್ಲಿ ನಿಧಾನಿಸಬೇಕು. ಐದು ಮನೆಗೆ ಹಾಡುವಾಕೆ ಮಂದ್ರ ಪಂಚಮದಿಂದ ತಾರ ಪಂಚಮದವರೆಗೆ ಅಭ್ಯಾಸ ಮಾಡಿರುತ್ತಾಳೆ. ಪಾಶ್ಚಾತ್ಯ ಲೆಕ್ಕದಲ್ಲಿ ಅದು ಡಿ3ರಿಂದ ಡಿ5. ಕ್ವಾಯರಿನ ಸೊಪ್ರಾನೊಗೆ ಬೇಕಾದದ್ದು ಸಿ4ರಿಂದ ಎ5. ಹೀಗಾಗಿ ಹಂತ 3ರ ಪರೀಕ್ಷೆಯಲ್ಲಿ ಆಕೆಗೆ 'ಆಲ್ಟೊ' ಎಂಬ ಉತ್ತರವೇ ಬರುತ್ತದೆ. ಅದು ದನಿಯ ಸ್ವಭಾವವೂ ಇರಬಹುದು, ವರ್ಷಗಟ್ಟಲೆ ಎದೆದನಿಯಲ್ಲೇ ಹಾಡಿದ ರೂಢಿಯೂ ಇರಬಹುದು. ತಲೆದನಿಯನ್ನು ಕೆಲವು ತಿಂಗಳು ಗುರುವಿನ ಕೈಕೆಳಗೆ ಪಳಗಿಸಿ ಮತ್ತೆ ಅಳೆಯುವವರೆಗೆ ಯಾವ ಹಣೆಪಟ್ಟಿಯನ್ನೂ ಒಪ್ಪಿಕೊಳ್ಳಬೇಡಿ.

ಹಂತ 5: ಹಾಡನ್ನು ಅಳೆಯಿರಿ

ಈಗ ಹಾಡಿನ ಕಡೆ ತಿರುಗೋಣ. ವಿಧಾನ ಸರಳ: ಪ್ರತಿ ಸ್ವರಕ್ಕೆ ಒಟ್ಟು ಎಷ್ಟು ಬೀಟ್ (ತಾಳದ ಎಣಿಕೆ) ಸಿಕ್ಕಿದೆ ಎಂದು ಎಣಿಸುವುದು. ಬೀಥೋವನ್‌ನ ಒಂಬತ್ತನೇ ಸಿಂಫನಿಯ 'ಆನಂದಗೀತೆ'ಯ ಮಟ್ಟು ಬಹಳ ಜನಕ್ಕೆ ಗೊತ್ತಿರುವುದರಿಂದ ಅದನ್ನೇ ತೆಗೆದುಕೊಳ್ಳೋಣ. ಪ್ರಾರ್ಥನಾಗೀತೆಗಳ ಪುಸ್ತಕದಲ್ಲಿರುವ ಸರಳ ರೂಪ ಡಿ ಮೇಜರಿನಲ್ಲಿದ್ದರೆ ನಮಗೆ ಷಡ್ಜ ಎರಡು ಮನೆ, ಸ್ವರಗಳು ಶಂಕರಾಭರಣದವು:

ಗ ಗ ಮ ಪ | ಪ ಮ ಗ ರಿ | ಸ ಸ ರಿ ಗ | ಗ ರಿ ರಿ

ಎರಡನೇ, ನಾಲ್ಕನೇ ಸಾಲು ಹೀಗೆಯೇ ಬಂದು ಷಡ್ಜದಲ್ಲಿ ಮುಗಿಯುತ್ತವೆ. ಮೂರನೇ ಸಾಲು ರಿ, ಗ, ಸ ಎಂದು ಸುತ್ತಿ ಕೊನೆಗೆ ಒಂದೇ ಸಲ ಮಂದ್ರ ಪಂಚಮಕ್ಕೆ ಇಳಿಯುತ್ತದೆ. ಗೆರೆಗಳ ನಡುವಿನ ನಾಲ್ಕು ಬೀಟಿನ ಭಾಗವೇ ಒಂದು ಬಾರ್; ಒಟ್ಟು 16 ಬಾರ್, 64 ಬೀಟ್. ಎಣಿಸಿದರೆ ಗ 17.5, ರಿ 17.5, ಸ 14, ಮ 7, ಪ 6, ಮಂದ್ರ ಪಂಚಮ 2.

ವ್ಯಾಪ್ತಿ ನೋಡಿದರೆ ಪಂಚಮದಿಂದ ಪಂಚಮಕ್ಕೆ ಪೂರ್ತಿ ಒಂದು ಸ್ಥಾಯಿ. ಎಣಿಕೆ ನೋಡಿದರೆ 64ರಲ್ಲಿ 49 ಬೀಟ್ ಸ, ರಿ, ಗ ಮೂರರಲ್ಲೇ ಕಳೆಯುತ್ತವೆ. ಹಾಡು ವಾಸವಾಗಿರುವುದು ಅಲ್ಲಿ. ಮಂದ್ರ ಪಂಚಮ ನಿಮಗೆ ಸ್ವಲ್ಪ ಮಂಕಾದರೂ ಹಾಡು ಕೆಡುವುದಿಲ್ಲ. ಗಾಂಧಾರ ನಿಮ್ಮ ಪಸ್ಸಾಜ್ಜೊ ಮೇಲೆ ಬಂದು ಕೂತರೆ ಮಾತ್ರ ಪ್ರತಿ ಸಾಲೂ ಕಷ್ಟ.

ಇಂಥ ಲೆಕ್ಕವನ್ನು ಹಾಳೆಯ ಮೇಲೆ ಕಂಬಗಳಾಗಿ ಬರೆದರೆ ಯಾವ ಸ್ವರ ಎಷ್ಟು ಭಾರ ಹೊತ್ತಿದೆ ಎಂದು ಕಣ್ಣಿಗೇ ಕಾಣುತ್ತದೆ. ಉದ್ದನೆಯ ಹಾಡಾದರೆ ಪೂರ್ತಿ ಎಣಿಸಬೇಕಿಲ್ಲ. ನಿಮಗೆ ಆತಂಕ ಹುಟ್ಟಿಸುವ ಒಂದು ಪುಟ ಎಣಿಸಿದರೂ ಸಾಕು.

ಎಣಿಕೆಯೊಂದೇ ಎಲ್ಲವನ್ನೂ ಹೇಳುವುದಿಲ್ಲ. ಮೇಲಿನ ಸ್ವರ ಹಾಯ್ದು ಹೋಗುವಂಥದೋ ನಿಲ್ಲುವಂಥದೋ, ಮೆಲ್ಲಗೆ ಹಾಡಬೇಕೋ ಗಟ್ಟಿಯಾಗಿಯೋ, ಅಲ್ಲಿ ಯಾವ ಅಕ್ಷರವಿದೆ, ಉಸಿರಿಗೆ ಬಿಡುವು ಎಲ್ಲಿ, ಇವನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. ಮೊಜಾರ್ಟ್ 1791ರಲ್ಲಿ 'ಮಾಯಾ ಕೊಳಲು' ಒಪೆರಾದ ರಾತ್ರಿಯ ರಾಣಿಯನ್ನು ಎಫ್6 ತನಕ ಏರಿಸಿದ, ಆದರೆ ಆಕೆ ಅದನ್ನು ಮುಟ್ಟುವುದು ಚಿಮ್ಮಿದ ಹಾಗೆ, ಕ್ಷಣಮಾತ್ರ. 1824ರಲ್ಲಿ ವಿಯೆನ್ನಾದಲ್ಲಿ ಮೊದಲು ಕೇಳಿಸಿದ ಒಂಬತ್ತನೇ ಸಿಂಫನಿಯಲ್ಲಿ ಕ್ವಾಯರಿನ ಸೊಪ್ರಾನೊಗಳು ಏರುವುದು ಅದಕ್ಕಿಂತ ಎಷ್ಟೋ ಕೆಳಗಿನ ಎ5 ಸುತ್ತಮುತ್ತ ಮಾತ್ರ. ಆದರೆ ಅಲ್ಲಿ ಬಾರ್‌ಗಟ್ಟಲೆ ನಿಲ್ಲಬೇಕು, ಅದೂ ಪೂರ್ಣ ವಾದ್ಯವೃಂದದ ಎದುರು. ನಾವು ಈಗ ಎಣಿಸಿದ ಸರಳ ಮಟ್ಟು ಇರುವ ಅದೇ ಭಾಗದಲ್ಲಿ ಇದೂ ಇದೆ. ಪ್ರಪಂಚದ ಎಲ್ಲ ಕಡೆ ಕ್ವಾಯರ್‌ನವರು ಅದನ್ನು ಹೆದರಿಕೆಯಿಂದಲೇ ಅಭ್ಯಾಸ ಮಾಡುತ್ತಾರೆ.

ಹಂತ 6: ಎರಡನ್ನೂ ಹೊಂದಿಸಿ

ನಿಮ್ಮ 'ಸಲೀಸು' ಪಟ್ಟಿಯನ್ನೂ ಹಾಡಿನ ಎಣಿಕೆಯನ್ನೂ ಪಕ್ಕಪಕ್ಕ ಇಡಿ. ಹಾಡಿನ ಹೆಚ್ಚು ಬೀಟ್‌ಗಳ ಸ್ವರಗಳು ನಿಮ್ಮ ಪಟ್ಟಿಯೊಳಗಿದ್ದರೆ ಆ ಹಾಡು ನಿಮ್ಮದು. ಹೊರಗಿದ್ದರೆ ಎರಡು ದಾರಿ.

ಒಬ್ಬರೇ ಹಾಡುವುದಾದರೆ ಶ್ರುತಿ ಬದಲಿಸಿ. ಇದರಲ್ಲಿ ಸಣ್ಣತನವೇನೂ ಇಲ್ಲ. ರೊಸ್ಸಿನಿ 1816ರಲ್ಲಿ ರೋಮ್‌ಗಾಗಿ ಬರೆದ 'ಸೆವಿಲ್‌ನ ಕ್ಷೌರಿಕ' ಒಪೆರಾದ ರೊಸೀನಾ ಮೂಲದಲ್ಲಿ ಕಾಂಟ್ರಾಲ್ಟೊ ಪಾತ್ರ, ಅಂದರೆ ಹೆಣ್ಣುದನಿಗಳಲ್ಲೇ ಅತಿ ಕೆಳಗಿನದು. ಆಕೆಯ ಮೊದಲ ಏರಿಯಾ, ಅಂದರೆ ಒಬ್ಬರೇ ಹಾಡುವ ಹಾಡು, ಇ ಮೇಜರಿನಲ್ಲಿದೆ. ಸೊಪ್ರಾನೊಗಳು ಅದನ್ನು ಅರ್ಧ ಸ್ವರ ಏರಿಸಿ ಎಫ್ ಮೇಜರಿನಲ್ಲಿ ಹಾಡುತ್ತ ಬಂದಿದ್ದಾರೆ. ಕಲಿಕೆಗೆ ಬಳಸುವ ಇಟಾಲಿಯನ್ ಹಾಡುಗಳ ಸಂಕಲನಗಳೂ ಮೇಲ್ದನಿಗೊಂದು, ಕೆಳದನಿಗೊಂದು ಆವೃತ್ತಿಯಲ್ಲಿ ಸಿಗುತ್ತವೆ. ಕೊಳ್ಳುವಾಗ ರಕ್ಷಾಪುಟ ನೋಡಿ ಆರಿಸಿ. ನಮ್ಮಲ್ಲಿಯೂ ಪುನ್ನಾಗವರಾಳಿ, ಕುರಂಜಿ, ನವರೋಜು ರಾಗಗಳನ್ನು ಮಧ್ಯಮ ಶ್ರುತಿಯಲ್ಲಿ ಹಾಡುವುದಕ್ಕೆ ಇದೇ ಕಾರಣ. ಅವುಗಳ ಸಂಚಾರ ತಾರಸ್ಥಾಯಿಗೆ ಏರದೆ ಕೆಳಗೇ ಸುತ್ತುವುದರಿಂದ ಮಧ್ಯಮವನ್ನು ಷಡ್ಜ ಮಾಡಿಕೊಂಡು ರಾಗವನ್ನೇ ದನಿ ಬೆಳಗುವ ಎತ್ತರಕ್ಕೆ ಎತ್ತುತ್ತಾರೆ.

ಕ್ವಾಯರ್‌ನಲ್ಲಿ ನಿಮ್ಮೊಬ್ಬರಿಗಾಗಿ ಶ್ರುತಿ ಬದಲಾಗದು. ಅಲ್ಲಿ ಭಾಗ ಬದಲಿಸಬೇಕು. ಸಾಮಾನ್ಯ ಕ್ವಾಯರ್ ಹಾಡುಗಳಲ್ಲಿ ಸೊಪ್ರಾನೊ ಸಿ4–ಎ5, ಆಲ್ಟೊ ಎಫ್3–ಡಿ5, ಟೆನರ್ ಸಿ3–ಎ4, ಬೇಸ್ ಇ2–ಡಿ4 ಆಸುಪಾಸು ಓಡಾಡುತ್ತವೆ. ಇವೆಲ್ಲ ವ್ಯಾಪ್ತಿಗಳು. ನಿಮ್ಮ ಪಟ್ಟಿ ಯಾವುದರ ನಟ್ಟನಡುವಿಗೆ ಬೀಳುತ್ತದೆ ಎಂದು ನೋಡಿ, ಅಂಚಿಗೆ ತಾಗುವುದನ್ನಲ್ಲ. ಎರಡರ ಮಧ್ಯೆ ಬಂದವರೇ ಹೆಚ್ಚು. ಹೆಂಗಸರಲ್ಲಿ ಅದು ಮೆಜ್ಜೊ-ಸೊಪ್ರಾನೊ, ಗಂಡಸರಲ್ಲಿ ಬ್ಯಾರಿಟೋನ್. ಅಂಥವರು ಎರಡನೇ ಸೊಪ್ರಾನೊ, ಮೊದಲ ಆಲ್ಟೊ ಅಥವಾ ಮೊದಲ ಬೇಸ್ ಸಾಲಿನಲ್ಲಿ ಸುಖವಾಗಿರುತ್ತಾರೆ.

ಹಂತ 7: ನಿರ್ದೇಶಕರ ಬಳಿ ಹೇಗೆ ಕೇಳುವುದು

"ನಾನು ಆಲ್ಟೊ" ಎಂದು ಹೇಳಿಕೊಂಡು ಹೋಗಬೇಡಿ. "ನನಗೆ ಬಿ3ರಿಂದ ಬಿ4ರ ತನಕ ಸಲೀಸು, ಡಿ5ರ ಮೇಲೆ ಪದ ಸ್ಪಷ್ಟವಾಗುವುದಿಲ್ಲ" ಎಂದು ನಿಮ್ಮ ಅಳತೆ ಹೇಳಿ. ಅವರಿಗೆ ಬೇಕಾದ ಮಾಹಿತಿ ಅದು. ಸ್ವರಲಿಪಿ ಓದಲು ಬರುವ ಹೆಂಗಸರನ್ನು, ದನಿ ಎತ್ತರದ್ದಾದರೂ, ಆಲ್ಟೊಗೆ ಹಾಕುವ ಅಭ್ಯಾಸ ಕ್ವಾಯರ್‌ಗಳಲ್ಲಿದೆ. ಟೆನರ್ ಕೊರತೆಯಾದಾಗ ಬ್ಯಾರಿಟೋನ್‌ಗಳನ್ನು ಮೇಲೆ ತಳ್ಳುವುದೂ ಇದೆ. ಒಂದು ಕಾರ್ಯಕ್ರಮದ ಮಟ್ಟಿಗೆ ಒಪ್ಪಿಕೊಳ್ಳಬಹುದು, ಅದೇ ಕಾಯಂ ಆಗುವುದಕ್ಕೆ ಬಿಡಬೇಡಿ. ಪ್ರತಿ ಅಭ್ಯಾಸದ ನಂತರ ಮಾತಿನ ದನಿ ಒರಟಾಗುತ್ತಿದ್ದರೆ ಭಾಗ ಬದಲಿಸಿಕೊಡಿ ಎಂದು ಸ್ಪಷ್ಟವಾಗಿ ಕೇಳಿ. ಭಾಗ ಬದಲಿಸಿದ ಮೇಲೂ ಎರಡು ಮೂರು ವಾರ ದನಿ ಸರಿಹೋಗದಿದ್ದರೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ.

ಮಕ್ಕಳ ವಿಷಯದಲ್ಲಿ ಈ ಹಂತಗಳನ್ನು ಅನುಸರಿಸಬೇಡಿ. ದನಿ ಒಡೆಯುತ್ತಿರುವ ಹುಡುಗನ ಸಲೀಸು ಪಟ್ಟಿ ತಿಂಗಳಿಂದ ತಿಂಗಳಿಗೆ ಜಾರುತ್ತದೆ, ಕೆಲವು ವಾರ ಐದಾರು ಸ್ವರಕ್ಕೆ ಕುಗ್ಗುವುದೂ ಉಂಟು. ಆ ಹೊತ್ತಿನಲ್ಲಿ ಅವನಿಗೆ ಬರುವ ಐದು ಸ್ವರದೊಳಗಿನ ಹಾಡು ಹುಡುಕಿ ಕೊಡಿ, ಹಾಡುವುದನ್ನು ನಿಲ್ಲಿಸಬೇಡಿ. ದೊಡ್ಡವರು ವರ್ಷಕ್ಕೊಮ್ಮೆ ಹಂತ 3 ಮತ್ತು 4ನ್ನು ಮತ್ತೆ ಮಾಡಿ, ಹಳೆಯ ಹಾಳೆಯ ಪಕ್ಕದಲ್ಲೇ ದಿನಾಂಕ ಹಾಕಿ ಬರೆದಿಡಿ. ಹೆರಿಗೆ, ಮುಟ್ಟು ನಿಲ್ಲುವ ವಯಸ್ಸು, ಥೈರಾಯ್ಡ್ ತೊಂದರೆ, ಉಸಿರುನಾಳದ ಕೊಳವೆ ಹಾಕಿದ ಶಸ್ತ್ರಚಿಕಿತ್ಸೆ ಆದ ಮೇಲೆ ವರ್ಷ ಕಾಯದೆ, ವೈದ್ಯರು ಹಾಡಬಹುದು ಎಂದ ಕೂಡಲೇ ಹೊಸದಾಗಿ ಅಳೆದುಕೊಳ್ಳಿ.